ಕೈರುಚಿಯಿಂದ ಸ್ವಂತ ಉದ್ಯಮಕ್ಕೆ: ಮಲೆನಾಡಿನ ಮಹಿಳೆಯರಿಗೊಂದು ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಅಂಗಳದಲ್ಲಿ ಹಪ್ಪಳ ಒಣಗಿಸದ ಮನೆ ಸಿಗುವುದು ಕಷ್ಟ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಮುರುಗಲಿನ ಶರಬತ್ತು ಇವೆಲ್ಲವನ್ನೂ ಹದವರಿತು ಮಾಡಬಲ್ಲವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಆದರೂ ಈ ಕೌಶಲವನ್ನು ಉದ್ಯಮವಾಗಿ ಬೆಳೆಸಿಕೊಂಡವರು ಕಡಿಮೆ. ಕೊರತೆಯಿರುವುದು ಕೈಕೆಲಸದಲ್ಲಲ್ಲ. ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟುವ ಅಭ್ಯಾಸ, ಬರೆದಿಟ್ಟ ಲೆಕ್ಕ ಮತ್ತು ತನ್ನ ಹೆಸರಿನಲ್ಲೇ ಇರುವ ಹಣ, ಈ ಮೂರು ಇಲ್ಲದಿರುವುದೇ ಹೆಚ್ಚಿನ ಕಡೆ ಅಡ್ಡಿಯಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಪ್ಪಳ, ಉಪ್ಪಿನಕಾಯಿಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಮೂರನ್ನೂ ರೂಢಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಹಾಳೆತಟ್ಟೆ, ಹೊಲಿಗೆ ಅಥವಾ ಹಸೆ ಚಿತ್ತಾರದ ಕೆಲಸ ಮಾಡುವವರಿಗೂ ಇದರ ಬಹುಭಾಗ ಅನ್ವಯವಾಗುತ್ತದೆ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ, ನೀವು ಈ ಕೆಲಸಕ್ಕೆ ಏಕೆ ಇಳಿಯುತ್ತಿದ್ದೀರಿ ಎಂಬುದನ್ನು ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ. ಮಕ್ಕಳ ಕಾಲೇಜಿನ ಶುಲ್ಕ ಕಟ್ಟಬೇಕಿರಬಹುದು, ಕೊಳೆರೋಗದಿಂದ ಅಡಿಕೆ ಫಸಲು ಕೈಕೊಟ್ಟು ಮನೆಯ ವರಮಾನ ಕುಸಿದಿರಬಹುದು, ಸಂಸಾರದ ಹೊಣೆ ಒಬ್ಬರ ಮೇಲೆಯೇ ಬಿದ್ದಿರಬಹುದು. ಇನ್ನು ಕೆಲವರಿಗೆ ಅಂಥ ತುರ್ತಿಲ್ಲ, ಓದಿದ ಓದು ಮದುವೆಯ ನಂತರ ಮೂಲೆಗೆ ಬಿದ್ದಿದೆ, ತನ್ನದೆಂದು ಹೇಳಿಕೊಳ್ಳುವ ಒಂದು ಕೆಲಸ ಬೇಕೆನಿಸಿದೆ, ಒಂದು ಸೀರೆ ಕೊಳ್ಳಲೂ ಯಾರನ್ನೂ ಕೇಳದಿರುವಷ್ಟು ಸ್ವಾತಂತ್ರ್ಯ ಬೇಕೆನಿಸಿದೆ. ಈ ಎರಡು ಬಗೆಯ ಪ್ರೇರಣೆಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದೇನೂ ಇಲ್ಲ. ಆದರೆ ಅವು ಬೇರೆ ಬೇರೆ ದಾರಿಗಳನ್ನು ಬೇಡುತ್ತವೆ. ತಿಂಗಳು ತಿಂಗಳೂ ಕೈಗೆ ಹಣ ಬರಲೇಬೇಕಾದವರು ಮಿಡಿ ಉಪ್ಪಿನಕಾಯಿಯೊಂದನ್ನೇ ನಂಬುವುದು ಸರಿಯಲ್ಲ, ಏಕೆಂದರೆ ಬೇಸಿಗೆಯ ಆರಂಭದಲ್ಲಿ ಮಿಡಿಗೆ ಸುರಿದ ಬಂಡವಾಳ ಮರಳಿ ಬರಲು ವರ್ಷವೇ ಹಿಡಿಯಬಹುದು. ಅಂಥವರು ಚಕ್ಕುಲಿ, ಕೋಡುಬಳೆ, ಸಾಂಬಾರು ಪುಡಿಯಂತಹ ವಾರದಲ್ಲಿ ಮಾಡಿ ವಾರದಲ್ಲೇ ಮಾರುವ ಪದಾರ್ಥಗಳಿಂದ ಆರಂಭಿಸಿ, ಮಿಡಿಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಕಾಯಬಲ್ಲವರು ಮಾತ್ರ ಒಂದೇ ಪದಾರ್ಥದಲ್ಲಿ ಹೆಸರು ಮಾಡುವ ದಾರಿಯನ್ನು ಹಿಡಿಯಬಹುದು. ಕಾರಣದ ಜೊತೆಗೆ ತಿಂಗಳಿಗೆ ಎಷ್ಟು ರೂಪಾಯಿ ಬಂದರೆ ನಿಮಗೆ ಸಾಕು ಎಂಬುದನ್ನೂ ಬರೆಯಿರಿ. ಆ ಅಂಕಿ ಇಲ್ಲದಿದ್ದರೆ ಮುಂದಿನ ಯಾವ ನಿರ್ಧಾರಕ್ಕೂ ಆಧಾರವಿರುವುದಿಲ್ಲ.

ಎಷ್ಟು ದೊಡ್ಡದಾಗಿ ಆರಂಭಿಸಬೇಕು ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ತರಬೇತಿ ನೀಡಿ, ಸಾಧಿಸಬೇಕೆಂಬ ಹಂಬಲವನ್ನು ಕಲಿಕೆಯಿಂದಲೂ ಬೆಳೆಸಬಹುದೆಂದು ತೋರಿಸಿದರು. ಆ ಚಿಂತನೆಯಿಂದ ಬಂದ ಬಳೆ ಎಸೆಯುವ ಆಟವನ್ನು ಉದ್ಯಮಶೀಲತಾ ತರಬೇತಿಗಳಲ್ಲಿ ಇಂದಿಗೂ ಆಡಿಸುತ್ತಾರೆ. ನೆಲದಲ್ಲಿ ನೆಟ್ಟ ಗೂಟಕ್ಕೆ ಬಳೆ ಬೀಳುವಂತೆ ಎಸೆಯಬೇಕು, ಎಷ್ಟು ದೂರ ನಿಲ್ಲಬೇಕೆಂಬುದು ಎಸೆಯುವವರ ಇಷ್ಟ. ಗೂಟದ ಪಕ್ಕದಲ್ಲೇ ನಿಂತರೆ ಗೆದ್ದರೂ ಕಲಿಯುವುದೇನಿಲ್ಲ, ಬಹುದೂರ ನಿಂತರೆ ಎಲ್ಲವೂ ಅದೃಷ್ಟದ ಪಾಲು. ಸಾಧನೆಯ ಹಂಬಲ ಬಲವಾಗಿರುವವರು ಸಾಮಾನ್ಯವಾಗಿ ನಡುವಿನ ದೂರವನ್ನು ಆರಿಸಿಕೊಳ್ಳುತ್ತಾರೆ, ಮತ್ತು ಪ್ರತಿ ಎಸೆತದ ನಂತರ ನಿಲ್ಲುವ ಜಾಗವನ್ನು ಬದಲಿಸಿಕೊಳ್ಳುತ್ತಾರೆ. ನಿಮ್ಮ ಮೊದಲ ವರ್ಷದ ಪ್ರಮಾಣವೂ ಹೀಗೆಯೇ ನಿರ್ಧಾರವಾಗಲಿ. ಮಾಡಿದ್ದೆಲ್ಲ ಮಾರಾಟವಾಗದೆ ಉಳಿದರೂ ಮನೆಖರ್ಚಿಗೆ ಕುತ್ತು ಬರಬಾರದು, ಆದರೆ ನೆಂಟರು ಮತ್ತು ನೆರೆಮನೆಯವರೇ ಕೊಂಡು ಮುಗಿಸುವಷ್ಟು ಕಡಿಮೆಯೂ ಇರಬಾರದು. ಅಪರಿಚಿತರು ಕೊಳ್ಳುವವರೆಗೆ ನಿಮ್ಮ ಪದಾರ್ಥ ಮಾರುಕಟ್ಟೆಯ ಪರೀಕ್ಷೆಗೆ ಒಳಗಾಗಿಲ್ಲವೆಂದೇ ತಿಳಿಯಬೇಕು.

ಮಲೆನಾಡಿನಲ್ಲಿ ಪದಾರ್ಥವನ್ನು ಆರಿಸುವಾಗ ರುಚಿಯಷ್ಟೇ ಋತುವನ್ನೂ ನೋಡಬೇಕು. ಅಪ್ಪೆಮಿಡಿ ಸಿಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕೆಲವೇ ವಾರ. ಬಲಿತ ಹಲಸಿನಕಾಯಿ ಹಪ್ಪಳಕ್ಕೆ ಒದಗುವುದು ಬೇಸಿಗೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪವಾಗುವುದರಿಂದ ಒಣಗಿಸುವ ಯಾವ ಕೆಲಸವನ್ನೂ ಬಯಲಿನಲ್ಲಿ ಮಾಡಲಾಗದು, ಮಾಡಿಟ್ಟ ಹಪ್ಪಳವೂ ಗಾಳಿಯಾಡಿದರೆ ಬೂಷ್ಟು ಹಿಡಿಯುತ್ತದೆ. ದೀಪಾವಳಿಯ ಆಸುಪಾಸಿನಿಂದ ಅಡಿಕೆ ಕೊಯ್ಲು ಮತ್ತು ಸುಲಿಯುವ ಕೆಲಸ ಹೆಂಗಸರ ದಿನಗಳನ್ನು ನುಂಗುತ್ತದೆ. ಆದ್ದರಿಂದ ಹನ್ನೆರಡು ತಿಂಗಳನ್ನೂ ಒಂದು ಹಾಳೆಯಲ್ಲಿ ಬರೆದು, ಯಾವ ತಿಂಗಳಲ್ಲಿ ತಯಾರಿಕೆ, ಯಾವ ತಿಂಗಳಲ್ಲಿ ಮಾರಾಟ, ಯಾವ ತಿಂಗಳಲ್ಲಿ ಎರಡೂ ಅಸಾಧ್ಯ ಎಂದು ಗುರುತು ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗಕ್ಕೆ ಅನಾನಸ್ ನಿಗದಿಯಾಗಿದೆ. ಅನಾನಸ್ ಬೆಳೆಯುವ ಊರಿನ ಸಮೀಪದಲ್ಲಿರುವವರು ಜಾಮ್, ಒಣಹಣ್ಣುಗಳ ಸಾಧ್ಯತೆಯನ್ನೂ ಯೋಚಿಸಬಹುದು.

ಮಿಡಿಯ ವಿಷಯದಲ್ಲಿ ಕಚ್ಚಾವಸ್ತುವಿನ ಆಯ್ಕೆಯೇ ಅರ್ಧ ಕೆಲಸ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಅಪ್ಪೆಮಿಡಿಯ ಹೆಚ್ಚುಗಾರಿಕೆ ಇರುವುದು ಅದರ ಸೊನೆಯ ಪರಿಮಳದಲ್ಲಿ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಆದ್ದರಿಂದ ತೊಟ್ಟುಸಹಿತ ಕೊಯ್ದ ಮಿಡಿಯನ್ನೇ ಕೇಳಿ ಕೊಳ್ಳಬೇಕು. ಮರದಿಂದ ಉದುರಿ ಪೆಟ್ಟು ತಿಂದ ಮಿಡಿ ನೋಡಲು ಚೆನ್ನಾಗಿದ್ದರೂ ಕೆಲವೇ ತಿಂಗಳಲ್ಲಿ ಮೆತ್ತಗಾಗಿ, ಭರಣಿಯಲ್ಲಿರುವ ಉಳಿದವನ್ನೂ ಕೆಡಿಸುತ್ತದೆ. ಕೊಂಡು ತಂದ ದಿನವೇ ಒಂದು ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, ಕಲೆಯಿದ್ದದ್ದನ್ನು, ಮೆತ್ತಗಿದ್ದದ್ದನ್ನು ಬೇರೆ ತೆಗೆಯಿರಿ. ತೊಳೆದು ನೀರಿನ ಪಸೆ ಪೂರಾ ಆರಿದ ಮೇಲೆ ಹರಳುಪ್ಪಿನಲ್ಲಿ ಹಾಕಿ ಮಿಡಿ ಮುರುಟುವವರೆಗೆ ದಿನವೂ ಮೇಲೆ ಕೆಳಗೆ ಮಾಡುವುದು, ಬಿಟ್ಟ ಉಪ್ಪುನೀರನ್ನು ಕುದಿಸಿ ಆರಿಸಿ ಸಾಸಿವೆ, ಮೆಣಸಿನ ಮಸಾಲೆ ಅರೆಯಲು ಬಳಸುವುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದಿರುವುದು ಅದರ ಅಳತೆ. ಮನೆಯಲ್ಲಿ ಕಣ್ಣಂದಾಜು ಸಾಕಾಗುತ್ತದೆ, ಮಾರಾಟಕ್ಕೆ ಸಾಲದು. ಒಂದು ಡಿಜಿಟಲ್ ತಕ್ಕಡಿ ಕೊಂಡು, ನಿಮ್ಮ ಹಿಡಿ, ಬೊಗಸೆ, ಚಿಟಿಕೆಗಳನ್ನೆಲ್ಲ ಗ್ರಾಮ್‌ಗೆ ಇಳಿಸಿ ಬರೆದಿಡಿ. ಕಳೆದ ವರ್ಷ ಕೊಂಡವರಿಗೆ ಈ ವರ್ಷವೂ ಅದೇ ರುಚಿ ಸಿಗಬೇಕು, ನೀವು ಜ್ವರದಿಂದ ಮಲಗಿದ ದಿನವೂ ಇನ್ನೊಬ್ಬರು ಅದೇ ಹದದಲ್ಲಿ ಮಾಡುವಂತಿರಬೇಕು.

ಇನ್ನು ಬೆಲೆಯ ಲೆಕ್ಕ. ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನ ಮನೆ ಉದ್ಯಮಗಳು ಸೋಲುವುದು ಇಲ್ಲಿಯೇ. ಒಂದು ದಿನದ ಹಲಸಿನ ಹಪ್ಪಳದ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಿಮ್ಮ ಊರಿನ ದರಗಳನ್ನು ಇದರ ಜಾಗದಲ್ಲಿ ಹಾಕಿಕೊಂಡರಾಯಿತು. ಇಬ್ಬರು ತಲಾ 6 ಗಂಟೆ ಕೂತು, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ 500 ಹಪ್ಪಳ ಹರಡಿದರು ಎಂದುಕೊಳ್ಳಿ. ಒಡೆದದ್ದು, ಸೊಟ್ಟಗಾದದ್ದು, ಮನೆಯ ಮಕ್ಕಳು ತಿಂದದ್ದು ಕಳೆದು ಮಾರಾಟಕ್ಕೆ 450 ಉಳಿದರೆ 50ರ 9 ಕಟ್ಟುಗಳಾಗುತ್ತವೆ. ಹಲಸಿನಕಾಯಿಗೆ 200 ರೂಪಾಯಿ, ಉಪ್ಪು, ಮೆಣಸು, ಕೊತ್ತಂಬರಿ, ಎಣ್ಣೆಗೆ 90, ಉರುವಲಿಗೆ 60, ಪ್ರತಿ ಕಟ್ಟಿಗೂ 8ರಂತೆ ಪ್ಯಾಕಿಂಗಿಗೆ 72, ಒಟ್ಟು 422 ರೂಪಾಯಿ. ಅಂದರೆ ಒಂದು ಕಟ್ಟಿನ ಅಸಲು ಸುಮಾರು 47 ರೂಪಾಯಿ. 90 ರೂಪಾಯಿಗೆ ಮಾರಿದರೆ 43 ರೂಪಾಯಿ ಲಾಭವಾಯಿತೆಂದು ಸಂತೋಷವಾಗುತ್ತದೆ. ಆದರೆ ಇಲ್ಲಿ ಇಬ್ಬರ 12 ಗಂಟೆಗಳ ದುಡಿಮೆಗೆ ಬೆಲೆಯನ್ನೇ ಕಟ್ಟಿಲ್ಲ. 9 ಕಟ್ಟಿನ ಆ ‘ಲಾಭ’ 387 ರೂಪಾಯಿಯನ್ನು 12 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 32 ರೂಪಾಯಿ ಬೀಳುತ್ತದೆ. ತೋಟದ ಕೂಲಿಗೂ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಗಂಟೆಗೆ 60 ರೂಪಾಯಿಯಂತೆ ಕೂಲಿ ಹಿಡಿದರೆ 720 ರೂಪಾಯಿ ಸೇರಿ ದಿನದ ಒಟ್ಟು ಖರ್ಚು 1,142, ಕಟ್ಟಿನ ಅಸಲು 127 ರೂಪಾಯಿ. ಅಂಗಡಿಯವರಿಗೆ ಶೇಕಡಾ 20ರ ಮಾರ್ಜಿನ್ ಬಿಟ್ಟುಕೊಡುವುದಾದರೆ, 160 ರೂಪಾಯಿ ಮುದ್ರಿಸಿದ ಕಟ್ಟಿನಲ್ಲಿ ನಿಮ್ಮ ಕೈಗೆ ಬರುವುದು 128. ಅಂದರೆ ಅಂಗಡಿಯ ಮೂಲಕ ಮಾರಿದಾಗ ಕೂಲಿ ಹುಟ್ಟುತ್ತದೆ, ಅದರ ಮೇಲೆ ಉಳಿಯುವುದು 1 ರೂಪಾಯಿ. ಅದೇ ಕಟ್ಟನ್ನು ನೀವೇ ನೇರವಾಗಿ ಮಾರಿದರೆ ಕೂಲಿ ಕಳೆದು 33 ರೂಪಾಯಿ ಉಳಿಯುತ್ತದೆ. ಹಾಗಾಗಿ ಅಂಗಡಿಗೆ ಎಷ್ಟು, ನೇರ ಗಿರಾಕಿಗೆ ಎಷ್ಟು ಎಂಬ ಪಾಲನ್ನು ಈ ಲೆಕ್ಕ ನೋಡಿಯೇ ತೀರ್ಮಾನಿಸಬೇಕು. ‘ಹಲಸು ನಮ್ಮ ಹಿತ್ತಿಲದ್ದೇ, ಅದಕ್ಕೇನು ದುಡ್ಡು’ ಎನ್ನುವವರಿದ್ದಾರೆ. ಮುಂದಿನ ವರ್ಷ ಆ ಮರ ಫಲ ಬಿಡದಿದ್ದರೆ ಕೊಂಡೇ ತರಬೇಕಾಗುತ್ತದೆ, ಆದ್ದರಿಂದ ಸ್ವಂತ ಮರದ ಕಾಯಿಗೂ, ಸ್ವಂತ ಸೌದೆಗೂ ಮಾರುಕಟ್ಟೆಯ ಬೆಲೆಯನ್ನೇ ಹಾಕಿ. ನಿಮ್ಮ ಕೂಲಿಯನ್ನು ತಿಂಗಳ ಕೊನೆಗೆ ನಿಮ್ಮ ವೈಯಕ್ತಿಕ ಉಳಿತಾಯ ಖಾತೆಗೆ ನಿಜವಾಗಿಯೂ ವರ್ಗಾಯಿಸಿ. ಉದ್ಯಮಕ್ಕೆ ಬೇರೆ ಖಾತೆ, ನಿಮಗೆ ಬೇರೆ ಖಾತೆ ಇರಲಿ, ಎರಡೂ ನಿಮ್ಮ ಹೆಸರಿನಲ್ಲಿರಲಿ, ಅವುಗಳಿಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ನಿಮ್ಮದೇ ಆಗಿರಲಿ. ಮನೆಯವರ ಫೋನಿಗೆ ಹಣ ಬರುವ ಏರ್ಪಾಡಿನಲ್ಲಿ ಯಾರ ದುರುದ್ದೇಶವೂ ಇಲ್ಲದೆಯೇ ಲೆಕ್ಕ ಕಲಸಿಹೋಗುತ್ತದೆ.

ನೋಂದಣಿಯ ವಿಷಯ ಭಯಪಡುವಷ್ಟು ಕಷ್ಟವಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಮನೆಯಲ್ಲೇ ತಯಾರಿಸಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. 2011ರ ನಿಯಮಾವಳಿ ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿಗೆ ಈ ಸರಳ ನೋಂದಣಿಯೇ ಸಾಕೆಂದಿತು, ಶುಲ್ಕ ವರ್ಷಕ್ಕೆ 100 ರೂಪಾಯಿ ಎಂದು ನಿಗದಿ ಮಾಡಿತು. ಮಿತಿ, ಶುಲ್ಕಗಳನ್ನು ಆಗಾಗ ಪರಿಷ್ಕರಿಸುವುದರಿಂದ ಅರ್ಜಿ ಹಾಕುವ ದಿನ ಆ ಪ್ರಾಧಿಕಾರದ ಫೋಸ್ಕಾಸ್ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಕಿರು ಉದ್ಯಮವೆಂಬ ಮಾನ್ಯತೆಗೆ ಬೇಕಾದ ಉದ್ಯಮ್ ನೋಂದಣಿ 2020ರ ಜುಲೈನಿಂದ ಜಾರಿಯಲ್ಲಿದ್ದು, ಅದು ಸಂಪೂರ್ಣ ಉಚಿತ. ಆಧಾರ್ ಸಂಖ್ಯೆಯಿಂದ ನೀವೇ ಮಾಡಿಕೊಳ್ಳಬಹುದಾದ ಇದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಂದ ದೂರವಿರಿ.

ಪೊಟ್ಟಣದ ಲೇಬಲ್ ಮೇಲೆ ಪದಾರ್ಥದ ಹೆಸರು, ಬಳಸಿದ ವಸ್ತುಗಳ ಪಟ್ಟಿ, ಸಸ್ಯಾಹಾರದ ಹಸಿರು ಚಿಹ್ನೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ಎಷ್ಟು ಕಾಲದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ನಿಮ್ಮ ವಿಳಾಸ ಮತ್ತು ದೂರವಾಣಿ ಇರಬೇಕು. ಬ್ಯಾಚ್ ಸಂಖ್ಯೆಯನ್ನು ಕೇವಲ ನಿಯಮಕ್ಕಾಗಿ ಬರೆಯಬೇಡಿ. ಯಾವುದೋ ಒಂದು ಬಾಟಲಿ ಕೆಟ್ಟಿದೆಯೆಂದು ದೂರು ಬಂದಾಗ ಅದು ಯಾವ ಭರಣಿಯದು, ಯಾರಿಂದ ಕೊಂಡ ಮಿಡಿಯದು ಎಂದು ಪತ್ತೆಹಚ್ಚಲು ನಿಮಗಿರುವ ದಾರಿ ಅದೊಂದೇ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ. ರಾಜ್ಯದೊಳಗೆ ಮಾರುವಾಗ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಉಪ್ಪಿನಕಾಯಿಯನ್ನು ಪುಣೆಗೋ ಹೈದರಾಬಾದಿಗೋ ಕೊರಿಯರ್ ಮಾಡಿ ಮಾರುವುದು ಅಂತರರಾಜ್ಯ ವ್ಯಾಪಾರವಾಗುತ್ತದೆ, ಅದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹೊರರಾಜ್ಯದ ಆರ್ಡರ್ ಒಪ್ಪಿಕೊಳ್ಳುವ ಮುನ್ನ ತೆರಿಗೆ ಸಲಹೆಗಾರರೊಬ್ಬರನ್ನು ಕೇಳಿ.

ಕಲಿಕೆಗೆ ದೂರ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಅಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಹಾಗೂ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹಣ್ಣು, ತರಕಾರಿಗಳ ಸಂಸ್ಕರಣೆಯ ಬಗ್ಗೆ ವಿಚಾರಿಸಬಹುದು. ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದರೂ ನಮ್ಮ ಭಾಗದ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ, ಆದ್ದರಿಂದ ಓಡಾಟದ ಖರ್ಚನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿ.

ಬಂಡವಾಳಕ್ಕೆ ಮೊದಲು ನಿಮ್ಮ ಸ್ವಸಹಾಯ ಸಂಘದತ್ತ ನೋಡಿ. ಸಣ್ಣ ಮೊತ್ತದ ಸಾಲ ಅಲ್ಲಿ ಬೇಗ ಸಿಗುತ್ತದೆ, ಮರುಪಾವತಿಯ ಶಿಸ್ತೂ ಬೆಳೆಯುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಬ್ಯಾಂಕ್ ಸಾಲ ದೊರೆಯುತ್ತದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಹಾಯಧನವಿದೆ, ವಯಸ್ಸು ಮತ್ತು ಆದಾಯದ ಮಿತಿಗಳೂ ಇವೆ. ಅದರ ವಿವರಗಳನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಯಂತ್ರ ಕೊಳ್ಳುವ ಹಂತಕ್ಕೆ ಬಂದವರಿಗಾಗಿ 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆ ಜಾರಿಗೆ ಬಂತು. ಅದರಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಆದರೆ ಸಹಾಯಧನ ಎಂದೂ ಮುಂಗಡವಾಗಿ ಕೈಗೆ ಬರುವ ಹಣವಲ್ಲ, ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಬೇಡದ ಯಂತ್ರ ಕೊಂಡು, ಅದರ ಕಂತಿಗಾಗಿ ದುಡಿಯುವ ಸ್ಥಿತಿ ತಂದುಕೊಳ್ಳಬೇಡಿ. ‘ಪಹಣಿ ಯಜಮಾನರ ಹೆಸರಿನಲ್ಲಿದೆ, ನನಗಾರು ಸಾಲ ಕೊಡುತ್ತಾರೆ’ ಎಂದು ಹಿಂಜರಿಯುವವರು ಒಂದನ್ನು ತಿಳಿದಿರಬೇಕು. ಕಿರು ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ನಿರ್ದೇಶನ ನೀಡಿದೆ. ಶಾಖೆಯಲ್ಲಿ ಇದನ್ನು ಸೌಜನ್ಯದಿಂದಲೇ, ಆದರೆ ಗಟ್ಟಿಯಾಗಿ ಹೇಳಿ.

ಮಾರಾಟದಲ್ಲಿ ಕಲಿಯಬೇಕಾದ ಮೊದಲ ಕೌಶಲ ಬೆಲೆಯನ್ನು ಬಾಯಿಬಿಟ್ಟು ಹೇಳುವುದು. ವರ್ಷಗಟ್ಟಲೆ ಪ್ರೀತಿಯಿಂದ ಕೊಟ್ಟು ಅಭ್ಯಾಸವಾದ ಕೈಗೆ ಅದೇ ಬಾಟಲಿಗೆ ಹಣ ಕೇಳುವಾಗ ಸಂಕೋಚವಾಗುವುದು ಸಹಜ. ‘ಅತ್ತಿಗೆ, ಈಗ ಇದನ್ನೇ ವ್ಯಾಪಾರವಾಗಿ ಮಾಡುತ್ತಿದ್ದೇನೆ, ಬಾಟಲಿಗೆ ಇಷ್ಟು ಆಗುತ್ತದೆ, ನಿಮಗೊಂದು ತೆಗೆದಿಡಲೇ?’ ಎಂಬ ಮಾತನ್ನು ಮನೆಯಲ್ಲೇ ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಉಡುಗೊರೆಯಾಗಿ ಕೊಡಲೇಬೇಕಾದ ಬಾಟಲಿಗಳಿಗೆ ವರ್ಷಕ್ಕಿಷ್ಟು ಎಂದು ಮೊದಲೇ ಲೆಕ್ಕ ಇಟ್ಟುಬಿಡಿ, ಉದ್ರಿ ಕೊಟ್ಟರೆ ಅಂದೇ ಬರೆದುಕೊಳ್ಳಿ. ಜೋಗಕ್ಕೆ ಬರುವ ಪ್ರವಾಸಿಗರು, ಮದುವೆ ಮತ್ತು ಉಪನಯನದ ಮನೆಗಳು, ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ಬೆಂಗಳೂರಿನಲ್ಲಿ ನೆಲೆಸಿದ ನಮ್ಮ ಕಡೆಯವರ ವಾಟ್ಸಾಪ್ ಬಳಗಗಳು, ಇವೆಲ್ಲ ನೇರ ಮಾರಾಟಕ್ಕೆ ಒದಗುತ್ತವೆ. ಗಾಜಿನ ಬಾಟಲಿಯನ್ನು ಪಾರ್ಸೆಲ್ ಮಾಡುವ ಮುನ್ನ ಮುಚ್ಚಳ ಕೆಳಗಾಗಿ ಒಂದು ರಾತ್ರಿ ಕಾಗದದ ಮೇಲೆ ಇಟ್ಟು ನೋಡಿ, ಕಾಗದದಲ್ಲಿ ಎಣ್ಣೆಯ ಗುರುತು ಮೂಡಿದರೆ ಆ ಬಾಟಲಿಯನ್ನು ಕಳಿಸಬೇಡಿ.

ಮನೆಯ ಕೆಲಸ ಹಂಚಿಕೆಯಾಗದೆ ಉದ್ಯಮ ಮಾತ್ರ ಸೇರಿಕೊಂಡರೆ ಮೊದಲು ಸೋಲುವುದು ನಿಮ್ಮ ಆರೋಗ್ಯ. ಮಿಡಿಯ ವಾರಗಳಲ್ಲಿ ಬೆಳಗಿನ ತಿಂಡಿ ಯಾರದು, ಕೊಟ್ಟಿಗೆ ಯಾರದು ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಬೇಕು. ಅದು ಸಾಧ್ಯವಾಗದ ಮನೆಯವರಿಗೆ ನಾಲ್ಕೈದು ಮಂದಿ ಕೂಡಿ ಮಾಡುವ ಗುಂಪು ಉದ್ಯಮವೇ ವಾಸಿ. ಒಬ್ಬರಿಗೆ ಅಡಚಣೆಯಾದ ದಿನ ಇನ್ನೊಬ್ಬರು ಕೆಲಸ ಮುಂದುವರಿಸುತ್ತಾರೆ. ಸಾಗರದ ಬಳಿಯ ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಂತಹ ಸ್ಥಳೀಯ ನೈಸರ್ಗಿಕ ಬಣ್ಣ ಬಳಸಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆಯ ಸಮೀಪದಲ್ಲೇ ಕೆಲಸ ಒದಗಿಸಿದ್ದು ನಮ್ಮ ಕಣ್ಣೆದುರಿಗಿರುವ ಉದಾಹರಣೆ. ಗುಂಪು ಕಟ್ಟುವವರು ಲಾಭ ಹಂಚಿಕೆ, ಕೂಲಿಯ ದರ, ಖಾತೆಗೆ ಸಹಿ ಮಾಡುವವರು, ಗುಂಪು ಬಿಟ್ಟುಹೋಗುವವರಿಗೆ ಸಲ್ಲಬೇಕಾದದ್ದು, ಈ ನಾಲ್ಕನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದು ಎಲ್ಲರ ಸಹಿ ಹಾಕಿಸಿಡಿ.

ಮಳೆ ಹಿಡಿದು ತಯಾರಿಕೆ ನಿಂತ ಜುಲೈ ತಿಂಗಳು ಲೆಕ್ಕ ನೋಡಲು ಸರಿಯಾದ ಸಮಯ. ಯಾವ ಪದಾರ್ಥದಲ್ಲಿ ಕೂಲಿ ಹುಟ್ಟಿತು, ಯಾವುದರಲ್ಲಿ ಹುಟ್ಟಲಿಲ್ಲ, ಎರಡನೇ ಬಾರಿ ಕೇಳಿ ಕೊಂಡವರು ಎಷ್ಟು ಮಂದಿ, ಮೊದಲ ದಿನ ಬರೆದ ತಿಂಗಳ ಅಂಕಿಗೆ ಎಷ್ಟು ಹತ್ತಿರ ಬಂದಿರಿ ಎಂಬುದನ್ನು ನೋಡಿ. ಕೂಲಿ ಹುಟ್ಟದ ಪದಾರ್ಥವನ್ನು, ಅದು ನಿಮಗೆಷ್ಟೇ ಪ್ರಿಯವಾಗಿದ್ದರೂ, ಮಾರಾಟದ ಪಟ್ಟಿಯಿಂದ ತೆಗೆಯಿರಿ ಅಥವಾ ಅದರ ಬೆಲೆಯನ್ನು ಏರಿಸಿ. ಮತ್ತೆ ಕೊಂಡವರ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಮುಂದಿನ ಹಂಗಾಮಿನ ಮಿಡಿ ಎಷ್ಟು ಬೇಕೆಂದು ತೀರ್ಮಾನಿಸಿ, ಮಿಡಿ ಕೊಯ್ಯುವವರಿಗೆ ಸಂಕ್ರಾಂತಿಯೊಳಗೆ ಹೇಳಿಡಿ. ಶಿವರಾತ್ರಿ ಕಳೆದ ಮೇಲೆ ಕೇಳಹೋದರೆ ಒಳ್ಳೆಯ ಮರಗಳ ಮಿಡಿ ಬೇರೆಯವರ ಪಾಲಾಗಿರುತ್ತದೆ.